ಪ್ಲಾ ಸೋಮ್ ಹಸಿಯಾಗಿ ತಿನ್ನಬಹುದಾ? ನನ್ನ ಉತ್ತರ

ಥಾಯ್ಲೆಂಡಿನ ಈಸಾನ್ ಕಡೆ ಕೆಲಸದಲ್ಲಿದ್ದೀರಿ, ಬಿಪಿ ಇದೆ, ಅಲ್ಲಿನ ಹುಳಿ ಮೀನು ಪ್ಲಾ ಸೋಮ್ ಮೊಸರಿನ ಹಾಗೆ ಹೊಟ್ಟೆಗೆ ಒಳ್ಳೇದಾ, ಹಸಿಯಾಗಿ ತಿನ್ನಬಹುದಾ ಅಂತ ಕೇಳಿದ್ದೀರಿ.

ಹಸಿ ಬೇಡವೇ ಬೇಡ. ಆ ಕಡೆಯ ಸಿಹಿನೀರಿನ ಮೀನಲ್ಲಿ ಲಿವರ್ ಫ್ಲೂಕ್ ಅನ್ನೋ ಹುಳದ ಮರಿ ಇರಬಹುದು, ಪಿತ್ತನಾಳದ ಕ್ಯಾನ್ಸರಿಗೆ ಅದು ಕಾರಣ ಅಂತ 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಹೇಳಿದೆ. ನಾಲ್ಕೈದು ದಿನ ಹುಳಿ ಬಂದ ಮಾತ್ರಕ್ಕೆ ಅದು ಸತ್ತೇ ಸಾಯುತ್ತದೆ ಅಂತ ನಂಬೋ ಹಾಗಿಲ್ಲ.

ಇನ್ನು ಒಳ್ಳೆಯದರ ವಿಷಯ. ಮೀನಿಗೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಅನ್ನ ಹಾಕಿ ಕಿವುಚಿ ಗಟ್ಟಿಯಾಗಿ ಒತ್ತಿಡುತ್ತಾರೆ. ಮೀನಲ್ಲಿ ಪಿಷ್ಟ ಇಲ್ಲವಲ್ಲ, ಹಾಗಾಗಿ ಹುಳಿ ಬರಿಸೋ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೆ ಊಟ ಅಂದರೆ ಆ ಅನ್ನ, ಬೆಳ್ಳುಳ್ಳಿನೇ. ಅವು ಹುಳಿ ಮಾಡಿದಷ್ಟೂ ಕೆಡಿಸೋ ಬ್ಯಾಕ್ಟೀರಿಯಾ ಹಿಂದೆ ಸರಿಯುತ್ತವೆ, ಮೀನಿನ ಪ್ರೋಟೀನ್ ಸ್ವಲ್ಪ ಸ್ವಲ್ಪವಾಗಿ ಒಡೆದು ಅಮೈನೋ ಆಮ್ಲಗಳಾಗುತ್ತದೆ, ಆ ರುಚಿ ಬರೋದೂ ಅದರಿಂದಲೇ. ಚೆನ್ನಾಗಿ ಹುರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಪ್ರೋಟೀನ್ ಎಲ್ಲೂ ಹೋಗಲ್ಲ. ಜೀವಂತ ಬ್ಯಾಕ್ಟೀರಿಯಾನೇ ಬೇಕಾದ್ರೆ ಸುಮ್ನೆ ಮೊಸರು ತಿನ್ನಿ.

ಬಿಪಿಗೆ ತೊಂದರೆ ಉಪ್ಪಿನದ್ದು. ಹುರಿದ ಒಂದು ಸಣ್ಣ ತುಂಡು, ಜೊತೆಗೆ ಜಾಸ್ತಿ ಅನ್ನ, ಸೌತೆಕಾಯಿ, ಅದೂ ಅಪರೂಪಕ್ಕೆ. ಆ ದಿನ ಬೇರೆ ಅಡುಗೆಗೆ ಫಿಶ್ ಸಾಸ್ ಸುರೀಬೇಡಿ.

ಊರಿಗೆ ಬಂದಾಗ ಬಂಗುಡೆಯಲ್ಲಿ ಇದನ್ನೇ ಮಾಡೋ ಯೋಚನೆ ಇದ್ದರೆ ಬಿಟ್ಟುಬಿಡಿ. ಬಂಗುಡೆ ತಣ್ಣಗಿಲ್ಲದಿದ್ದರೆ ಬೇಗ ಹಿಸ್ಟಮೀನ್ ಅನ್ನೋ ವಿಷ ಕಟ್ಟುತ್ತದೆ, ಎಷ್ಟು ಹುರಿದರೂ ಅದು ಹೋಗಲ್ಲ, ಮುಖ ಕೆಂಪಾಗಿ ತಲೆ ಸಿಡಿಯುತ್ತದೆ.