ಸಂಪಾದಕರ ಉತ್ತರ: ಕೋಲಾರದ ಚಿನ್ನದ ಗಣಿಯನ್ನು ಮತ್ತೆ ತೆರೆಯಬಹುದೇ?

ಮಾನ್ಯರೇ,

ಕೆಜಿಎಫ್ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಚಾಂಪಿಯನ್ ರೀಫ್ ಗಣಿಯಲ್ಲಿ 22 ವರ್ಷ ಟಿಂಬರಿಂಗ್, ಅಂದರೆ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸ ಮಾಡಿ, 2001ರಲ್ಲಿ ಕಂಪನಿ ಬಾಗಿಲು ಹಾಕಿದಾಗ ಮನೆಗೆ ಮರಳಿದವರು ತಾವು. ಕೆಳಗೆ ಇನ್ನೂ ಚಿನ್ನವಿದೆ, ರಾಯಚೂರಿನ ಹಟ್ಟಿ ಗಣಿ ಇಂದಿಗೂ ನಡೆಯುತ್ತಿದೆ, ದಕ್ಷಿಣ ಆಫ್ರಿಕಾದಲ್ಲಿ ನಮಗಿಂತ ಆಳಕ್ಕೆ ಹೋಗಿದ್ದಾರೆ. ಹೀಗಿರುವಾಗ ಬಂಡೆಸಿಡಿತದ, ಅಂದರೆ ಒತ್ತಡಕ್ಕೆ ಕಲ್ಲು ತಾನಾಗಿಯೇ ಸಿಡಿಯುವುದರ, ಭಯ ತೋರಿಸಿ ಪುನರಾರಂಭ ಅಸಾಧ್ಯವೆಂದು ಬರೆದದ್ದು ಸರಿಯೇ ಎಂಬುದು ತಮ್ಮ ಮೊದಲ ಆಕ್ಷೇಪ. ಚಿನ್ನ ಬೇರ್ಪಡಿಸಲು ಬಳಸಿದ ಸಯನೈಡ್ ಬಿಸಿಲಿಗೆ ಒಡೆದುಹೋಗುವುದರಿಂದ, ಚಿನ್ನ ತೆಗೆದು ಉಳಿದ ಹುಡಿಯನ್ನು ಸುರಿದ ದಿಬ್ಬಗಳಿಂದ ಈಗ ಅಪಾಯವಿಲ್ಲ ಎಂಬ ನಮ್ಮ ವಾಕ್ಯವನ್ನು ಎತ್ತಿ ತೋರಿಸಿ, ಹಾಗಾದರೆ ಮೊಮ್ಮಗನನ್ನು ಅಲ್ಲಿ ಕ್ರಿಕೆಟ್ ಆಡಲು ಬಿಡಲೇ ಎಂದು ಕೇಳಿದ್ದು ಎರಡನೆಯದು. ಮಗ ಪ್ರತಿದಿನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾನೆ, ಗಣಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದೂ ಬರೆದಿದ್ದೀರಿ. ಆ ಮಾತಿನ ಹಿಂದಿನ ನೋವನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಆಳವೊಂದೇ ಅಡ್ಡಿಯಲ್ಲ ಎಂಬ ತಮ್ಮ ಮಾತನ್ನು ಒಪ್ಪುತ್ತೇವೆ. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಗಣಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಆಳದಲ್ಲಿ ಜನ ದುಡಿಯುತ್ತಾರೆ. ಅಲ್ಲಿ ತಂಪಿಗಾಗಿ ಮಂಜುಗಡ್ಡೆಯ ಗಂಜಿಯನ್ನೇ ಮೇಲಿನಿಂದ ಕೆಳಗಿಳಿಸುತ್ತಾರೆ. ಆದರೆ ಅಲ್ಲಿ ತೋಡುತ್ತಿರುವುದು ಶ್ರೀಮಂತ ಅದಿರು. ನಮ್ಮಲ್ಲಿ ಆರಂಭದ ಕಾಲದಲ್ಲಿ ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರು ಗ್ರಾಂ ಆಸುಪಾಸಿಗೆ ಇಳಿದಿತ್ತು. ಹಟ್ಟಿಯ ಹೋಲಿಕೆಯೂ ಪೂರ್ತಿ ಹೊಂದುವುದಿಲ್ಲ; ಅದರ ಆಳ ಒಂದು ಕಿಲೋಮೀಟರ್ ಸುಮಾರಿನದು, ಚಾಂಪಿಯನ್ ರೀಫ್ ಮೂರು ಕಿಲೋಮೀಟರನ್ನೂ ದಾಟಿತ್ತು.

ಆ ಮೂರು ಕಿಲೋಮೀಟರ್ ಎಂದರೆ ಏನೆಂಬುದು ಕೆಳಗಿಳಿಯದ ನಮ್ಮ ಇತರ ಓದುಗರಿಗೂ ತಿಳಿಯಬೇಕು. ಅಷ್ಟು ಆಳದಲ್ಲಿ ಮೇಲಿನ ಕಲ್ಲಿನ ಭಾರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 800 ಕಿಲೋ, ಅಂದರೆ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಎಂಟು ಕ್ವಿಂಟಲ್. ಕೋಲಾರದ ಕಪ್ಪು ಶಿಲೆ ಗಟ್ಟಿಯಾದದ್ದು, ಆದರೆ ಪೆಡಸು. ಮೆತ್ತನೆಯ ಕಲ್ಲಿನಂತೆ ನಿಧಾನವಾಗಿ ಬಾಗಿ ಭಾರವನ್ನು ಹಂಚಿಕೊಳ್ಳುವ ಗುಣ ಅದಕ್ಕಿಲ್ಲ, ಒತ್ತಡವನ್ನೆಲ್ಲ ಬಿಗಿದ ಸ್ಪ್ರಿಂಗಿನಂತೆ ಒಳಗೇ ಹಿಡಿದಿಟ್ಟುಕೊಂಡು ಒಂದು ಕ್ಷಣದಲ್ಲಿ ಸಿಡಿದುಬಿಡುತ್ತದೆ. ಮೊದಮೊದಲು ಗಣಿಯವರು ಇದನ್ನು ಏರ್ ಬ್ಲಾಸ್ಟ್ ಎಂದು ಕರೆಯುತ್ತಿದ್ದರು. 1904ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಅವರು ಕೋಲಾರದ ಈ ಸಿಡಿತ ಮತ್ತು ಕಂಪನಗಳ ಬಗ್ಗೆ ವರದಿ ಬರೆದಿದ್ದಾರೆ. ಅಂದರೆ ಇದು ಆಳಕ್ಕೆ ಹೋದ ಮೇಲೆ ಹುಟ್ಟಿದ ಸಮಸ್ಯೆಯೂ ಅಲ್ಲ, ನಾವು ಕಟ್ಟಿದ ನೆಪವೂ ಅಲ್ಲ.

ಇದಕ್ಕೆ ತಮ್ಮ ಪತ್ರದಲ್ಲೇ ಸಾಕ್ಷಿಯಿದೆ. "ಕಲ್ಲು ಮಾತಾಡಲು ಶುರು ಮಾಡಿದರೆ ಕೈಯಲ್ಲಿದ್ದ ಕೊಡಲಿಯನ್ನು ಅಲ್ಲೇ ಬಿಟ್ಟು ಸರಿಯುತ್ತಿದ್ದೆವು, ಎಷ್ಟೋ ಸಲ ಅದು ಮಾತೇ ಆಡುತ್ತಿರಲಿಲ್ಲ" ಎಂದು ಬರೆದಿದ್ದೀರಿ. ಮಾತೇ ಆಡದ, ಅಂದರೆ ಸಿಡಿಯುವ ಮುನ್ನ ಸದ್ದು ಮಾಡಿ ಎಚ್ಚರಿಸದ, ಆ ಕಲ್ಲಿನಲ್ಲೇ ತೊಡಕು ಇರುವುದು. ಮರದ ಆಸರೆ ಸಾಲದೆಂದು ಗ್ರಾನೈಟ್ ಚಪ್ಪಡಿಗಳನ್ನು ಕೆಳಗಿಳಿಸಿ ಗೋಡೆ ಕಟ್ಟಿದರು, ಮುಂದೆ ತೋಡಿದ ಪೊಳ್ಳುಗಳಿಗೆ ಕಾಂಕ್ರೀಟ್ ತುಂಬಿದರು, 1970ರ ದಶಕದ ಕೊನೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಕಂಪನ ಅಳೆಯುವ ಜಾಲವನ್ನೂ ಹಾಕಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು. ಇಷ್ಟರಿಂದ ಸಿಡಿತ ಎಲ್ಲಿ ಆಯಿತೆಂದು ಹೇಳಲು ಸಾಧ್ಯವಾಯಿತು, ಯಾವ ಜಾಗದಲ್ಲಿ ಕಂಪನ ಹೆಚ್ಚುತ್ತಿದೆ ಎಂದು ಎಚ್ಚರಿಸಲೂ ಸಾಧ್ಯವಾಯಿತು. ನಾಳೆಯ ಪಾಳಿಯಲ್ಲಿ, ಇಷ್ಟು ಗಂಟೆಗೆ ಸಿಡಿಯುತ್ತದೆ ಎಂದು ಹೇಳುವ ವಿದ್ಯೆ ಮಾತ್ರ ಇಂದಿಗೂ ಜಗತ್ತಿನ ಯಾವ ಗಣಿಯಲ್ಲೂ ಇಲ್ಲ.

ಪುನರಾರಂಭದ ಚರ್ಚೆಯಲ್ಲಿ ಯಾರೂ ಗಮನಿಸದ ಒಂದು ಸಂಗತಿಯಿದೆ. ಅದಿರನ್ನು ತೆಗೆದ ಮೇಲೆ ಅದು ಹೊರುತ್ತಿದ್ದ ಭಾರ ಮಾಯವಾಗುವುದಿಲ್ಲ, ಪಕ್ಕದಲ್ಲಿ ಉಳಿದ ಕಲ್ಲಿಗೆ ವರ್ಗವಾಗುತ್ತದೆ. ನೂರಿಪ್ಪತ್ತು ವರ್ಷಗಳ ಕಾಲ, ಸುಮಾರು 800 ಟನ್ ಚಿನ್ನಕ್ಕಾಗಿ, ಸಾವಿರ ಕಿಲೋಮೀಟರಿಗೂ ಮೀರಿದ ಸುರಂಗಗಳನ್ನು ಕೊರೆದ ನೆಲದಲ್ಲಿ ಅಲ್ಲಲ್ಲಿ ಬಿಟ್ಟುಹೋದ ಕಂಬಗಳು ಎಷ್ಟು ಭಾರ ಹೊತ್ತು ನಿಂತಿವೆಯೋ ಊಹಿಸಿಕೊಳ್ಳಿ. ಕೆಳಗೆ ಚಿನ್ನ ಉಳಿದಿದೆ ಎನ್ನುವಾಗ ಅದರಲ್ಲಿ ಒಂದು ಪಾಲು ಇಂಥ ಕಂಬಗಳಲ್ಲೇ ಇದೆ. ಅದನ್ನು ತೆಗೆಯಹೊರಟರೆ ಚಾವಣಿಯನ್ನು ಹೊತ್ತು ನಿಂತ ಗೋಡೆಗೇ ಹಾರೆ ಹಾಕಿದಂತೆ. ಹೊಸ ಯಂತ್ರಗಳು ತೋಡುವ ವೇಗವನ್ನು ಹೆಚ್ಚಿಸಬಲ್ಲವು, ಮನುಷ್ಯನನ್ನು ಸ್ವಲ್ಪ ದೂರವೂ ಇಡಬಲ್ಲವು. ಹಳೆಯ ಪೊಳ್ಳುಗಳು ಹಂಚಿಟ್ಟ ಈ ಭಾರವನ್ನು ಇಳಿಸಲಾರವು.

ಇನ್ನು ನೀರು. ಒಂದು ಕಾಲಕ್ಕೆ ಈ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂದರು. ಆ ವಿದ್ಯುತ್ ಗಣಿಯನ್ನು ಒಣಗಿಸಿಡುವ ಪಂಪುಗಳಿಗೂ ಬೇಕಿತ್ತು. ಪಂಪು ನಿಲ್ಲಿಸಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಮೂರು ಕಿಲೋಮೀಟರ್ ಆಳದಿಂದ ಬರೀ ಸಾವಿರ ಲೀಟರ್ ನೀರನ್ನು ಮೇಲೆತ್ತಲು, ಪಂಪಿನ ನಷ್ಟವನ್ನು ಲೆಕ್ಕಿಸದಿದ್ದರೂ, ಎಂಟು ಯೂನಿಟ್ ವಿದ್ಯುತ್ ಬೇಕು. ಖರ್ಚಿನ ಮಾತನ್ನು ಬದಿಗಿಟ್ಟರೂ, ಹಳೆಯ ಅದಿರಿನೊಡನೆ ವರ್ಷಗಟ್ಟಲೆ ನೆನೆದ ಆ ನೀರನ್ನು ಮೇಲೆ ತಂದು ಎಲ್ಲಿಗೆ ಬಿಡುವುದು? ಕೆರೆಗಳನ್ನೇ ನಂಬಿದ ಕೋಲಾರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಮೊದಲೇ ಉತ್ತರ ಸಿಗದೆ ಒಂದು ಪಂಪನ್ನೂ ಚಾಲೂ ಮಾಡಬಾರದು. ಸೆಕೆಯ ವಿಷಯ ತಮಗೆ ನಮಗಿಂತ ಚೆನ್ನಾಗಿ ಗೊತ್ತು: ತಳದಲ್ಲಿ ಕಲ್ಲೇ ಸುಮಾರು 65 ಡಿಗ್ರಿ, ಸಾಲದ್ದಕ್ಕೆ ಮೇಲಿನಿಂದ ಬಿಡುವ ಗಾಳಿಯೂ ತನ್ನದೇ ಭಾರಕ್ಕೆ ಅಡಕಗೊಂಡು ಪ್ರತಿ ಕಿಲೋಮೀಟರಿಗೆ ಹತ್ತು ಡಿಗ್ರಿಯ ಹತ್ತಿರ ಬಿಸಿಯಾಗುತ್ತ ಇಳಿಯುತ್ತದೆ.

ಎರಡನೆಯ ಆಕ್ಷೇಪದಲ್ಲಿ ತಪ್ಪು ನಮ್ಮದು. ಸಯನೈಡ್ ಬಿಸಿಲು ಗಾಳಿಗೆ ಒಡೆದುಹೋಗುತ್ತದೆ ಎಂಬಷ್ಟು ಮಾತ್ರ ನಿಜ. ಅದರಿಂದ "ಅಪಾಯವಿಲ್ಲ" ಎಂಬ ತೀರ್ಮಾನಕ್ಕೆ ಹಾರಿದ್ದು ಸರಿಯಲ್ಲ, ಅದಕ್ಕಾಗಿ ತಮ್ಮ ಕ್ಷಮೆ ಕೋರುತ್ತೇವೆ. ಸಯನೈಡ್ ದಿಬ್ಬವೆಂಬ ಹೆಸರೇ ನಮ್ಮ ದಾರಿ ತಪ್ಪಿಸಿತು. ಅಲ್ಲಿ ಉಳಿದಿರುವುದು ಹಿಟ್ಟಿನಷ್ಟು ನುಣ್ಣಗೆ ಅರೆದ ಕಲ್ಲು, ಅಂದರೆ ಬೆಣಚಿನ ಸಿಲಿಕಾ, ಜೊತೆಗೆ ಅದಿರಿನಲ್ಲೇ ಇದ್ದ ಆರ್ಸೆನಿಕ್‌ನಂಥವು. ಲೇಖನ ಅಚ್ಚಾದ ಮೇಲೆ, ತಮ್ಮ ಪತ್ರ ಓದಿ, ಮಾರ್ಚಿಯ ಒಂದು ಮಧ್ಯಾಹ್ನ ನಾನೇ ಅಲ್ಲಿಗೆ ಹೋಗಿದ್ದೆ. ದಿಬ್ಬದ ಗಾಳಿಬದಿಯ ಲೈನ್ ಮನೆಯೊಂದರಲ್ಲಿ (ಗಣಿ ಕಾರ್ಮಿಕರ ಸಾಲುಮನೆ) ಕುಡಿಯಲು ನೀರು ಕೊಡುವ ಮುನ್ನ ಆ ತಾಯಿ, ಬೆಳಗ್ಗೆ ತೊಳೆದು ಕವುಚಿಟ್ಟಿದ್ದ ಸ್ಟೀಲ್ ಲೋಟವನ್ನು ಸೆರಗಿನಿಂದ ಮತ್ತೆ ಒರೆಸಿದರು. ಸೆರಗಿನ ಮೇಲೆ ಬೂದುಬಣ್ಣದ ಗೆರೆ ಮೂಡಿತು. ಆಕೆಗೆ ಅದೊಂದು ವಿಶೇಷವೇ ಆಗಿರಲಿಲ್ಲ.

ಆ ಧೂಳನ್ನು ನಾವು ಲಘುವಾಗಿ ಕಾಣಬಾರದಿತ್ತು, ಏಕೆಂದರೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಭಾರತದಲ್ಲಿ ಮೊದಲು ದಾಖಲಾದದ್ದೇ ಕೋಲಾರದಲ್ಲಿ. 1940ರಿಂದ 1946ರ ನಡುವೆ ಪರೀಕ್ಷಿಸಿದ 7,653 ಕಾರ್ಮಿಕರಲ್ಲಿ ನೂರಕ್ಕೆ 43ಕ್ಕೂ ಹೆಚ್ಚು ಜನರ ಶ್ವಾಸಕೋಶದಲ್ಲಿ ಆ ರೋಗವಿತ್ತು. ಗಣಿಯೊಳಗಿನ ಧೂಳಿಗೂ ದಿಬ್ಬದಿಂದ ಏಳುವ ಧೂಳಿಗೂ ಪ್ರಮಾಣದಲ್ಲಿ ಬಹಳ ಅಂತರವಿದೆ ನಿಜ, ಆದರೆ ದಿಬ್ಬದ ಬದಿಯಲ್ಲಿ ಬದುಕುವವರಿಗೆ ಪಾಳಿ ಮುಗಿಯುವ ಹೊತ್ತೆಂಬುದಿಲ್ಲ.

ಹದಿಮೂರು ದಿಬ್ಬಗಳಲ್ಲಿರುವ ಸುಮಾರು 330 ಲಕ್ಷ ಟನ್ ಹುಡಿಯನ್ನು ಮತ್ತೆ ಸಂಸ್ಕರಿಸಿ ಚಿನ್ನ ತೆಗೆಯುವ, ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಟನ್ನಿಗೆ ಒಂದು ಗ್ರಾಂಗೂ ಕಡಿಮೆ ಚಿನ್ನವಿದ್ದರೂ ಅದು ಈಗಾಗಲೇ ಅರೆದ, ನೆಲದ ಮೇಲಿರುವ ಸರಕು. ಯಾರೂ ಮೂರು ಕಿಲೋಮೀಟರ್ ಕೆಳಗಿಳಿಯಬೇಕಿಲ್ಲ. ಕೆಜಿಎಫ್‌ನಲ್ಲಿ ಮತ್ತೆ ಚಿನ್ನದ ಕೆಲಸ ಆರಂಭವಾಗುವುದಾದರೆ ಇಲ್ಲಿಂದ ಆಗಲಿ ಎಂಬುದು ನಮ್ಮ ನಿಲುವು. ಆದರೆ ದಶಕಗಳಿಂದ ಮಳೆಗೆ ಹೆಪ್ಪುಗಟ್ಟಿ ಕೂತ ದಿಬ್ಬದ ಮೈಯನ್ನು ಕೆದಕಿದರೆ ಮೊದಲಿಗಿಂತ ಹೆಚ್ಚು ಧೂಳೇಳುತ್ತದೆ, ಸಂಸ್ಕರಣೆಗೆ ಹೊಸದಾಗಿ ಸಯನೈಡನ್ನೂ ಬಳಸಬೇಕಾದೀತು. ಅಗೆಯುವ ಜಾಗವನ್ನು ಸದಾ ಒದ್ದೆಯಾಗಿಡುವುದು, ಉಳಿಕೆಯನ್ನು ನೀರು ಇಂಗದ ತಳವಿರುವ ಹೊಂಡಗಳಲ್ಲೇ ಹಾಕುವುದು, ಕೊನೆಗೆ ಅದರ ಮೇಲೆ ಮಣ್ಣು ಹೊದಿಸಿ ಹಸಿರು ಬೆಳೆಸುವುದು, ಇವೆಲ್ಲ ಟೆಂಡರಿನ ಷರತ್ತುಗಳಲ್ಲೇ ಇರಬೇಕು, ಮತ್ತು ಅದಕ್ಕೆ ಬೇಕಾದ ಹಣವನ್ನು ಮೊದಲ ದಿನವೇ ಠೇವಣಿ ಇಡಿಸಿಕೊಳ್ಳಬೇಕು. ಪ್ರತಿದಿನದ ಧೂಳಿನ ಅಳತೆಯನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬಡಾವಣೆಯ ಮುಂದೆ ಬರೆದು ಹಾಕಬೇಕು. ತಮ್ಮ ಸಂಘದವರು ಮನವಿ ಸಲ್ಲಿಸುವುದಾದರೆ ಅದನ್ನು ಪೂರ್ತಿ ಪ್ರಕಟಿಸುತ್ತೇವೆ.

ಮೊಮ್ಮಗನನ್ನು ದಿಬ್ಬದ ಮೇಲೆ ಆಡಲು ಬಿಡಬೇಡಿ. ಮತ್ತೊಂದು ಮಾತು. ಎರಡು ವರ್ಷಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ವಯಸ್ಸಾಯಿತಲ್ಲ ಎಂದು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ದಯವಿಟ್ಟು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಸಿಲಿಕೋಸಿಸ್ ಕೆಲಸ ಬಿಟ್ಟು ಹತ್ತಿಪ್ಪತ್ತು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು, ಅದಿದ್ದವರಿಗೆ ಕ್ಷಯ ತಗುಲುವ ಸಂಭವವೂ ಹೆಚ್ಚು, ಎರಡನ್ನೂ ಬೇರ್ಪಡಿಸಿ ಗುರುತಿಸುವುದು ವೈದ್ಯರಿಗೂ ಕೆಲವೊಮ್ಮೆ ಕಷ್ಟ. ಈ ವಾರವೇ ಜಿಲ್ಲಾ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿ, ಕಫ ಪರೀಕ್ಷೆಯನ್ನೂ ಮಾಡಿಸಿ. ವೈದ್ಯರು ಕೇಳದಿದ್ದರೂ ತಾವಾಗಿಯೇ ಹೇಳಿ: ಚಾಂಪಿಯನ್ ರೀಫ್, ಭೂಮಿಯ ಕೆಳಗೆ, 22 ವರ್ಷ.

ಸಂಪಾದಕ