ಸಿಎಜಿ ಉದ್ದವಾದರೆ ಡಿಎನ್‌ಎ ಮಡಚಿಕೊಳ್ಳುವುದೇಕೆ?

ಪ್ರಶ್ನೆ: ನಮ್ಮ ತಂದೆಗೆ ಹಂಟಿಂಗ್ಟನ್ ಕಾಯಿಲೆ ಇದೆಯೆಂದು ಗೊತ್ತಾಗಿದೆ. ರಕ್ತಪರೀಕ್ಷೆಯ ವರದಿಯಲ್ಲಿ 'ಸಿಎಜಿ 43' ಎಂದು ಬರೆದಿದ್ದಾರೆ. ಇಂಥ ಜಾಗದಲ್ಲಿ ಡಿಎನ್‌ಎ ಹೇರ್‌ಪಿನ್‌ನಂತೆ ಮಡಚಿಕೊಳ್ಳುತ್ತದೆ ಎಂದು ಓದಿದೆ. ಡಿಎನ್‌ಎ ಎರಡೆಳೆಯ ಸುರುಳಿಯಲ್ಲವೇ? ಮಡಿಕೆಗೂ ಕಾಯಿಲೆಗೂ ಏನು ಸಂಬಂಧ? ಈ 43 ನನಗೂ ಬಂದಿರುತ್ತದೆಯೇ?

ಉತ್ತರ: ಡಿಎನ್‌ಎಯ ಬರಹ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳದ್ದು. ಮೆದುಳಿನ ನರಕೋಶಗಳು ನಶಿಸುತ್ತಾ ಹೋಗುವ ಆನುವಂಶಿಕ ಕಾಯಿಲೆಯಾದ ಹಂಟಿಂಗ್ಟನ್‌ಗೆ ಕಾರಣವಾದ ಜೀನ್‌ನಲ್ಲಿ ಸಿಎಜಿ ಎಂಬ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬರುತ್ತದೆ, 'ಸಿಎಜಿ 43' ಎಂದರೆ 43 ಸಲ. ಡಿಎನ್‌ಎ ಸುರುಳಿ ಎಂಬುದು ನಿಜ, ಆದರೆ ಅದು ಸದಾ ಸುರುಳಿಯಾಗಿಯೇ ಇರುವುದಿಲ್ಲ. ಡಿಎನ್‌ಎಯನ್ನು ಓದುವುದಕ್ಕೂ ನಕಲು ಮಾಡುವುದಕ್ಕೂ ಜೀವಕೋಶ ಎರಡೆಳೆಗಳನ್ನು ಬಿಚ್ಚಲೇಬೇಕು. ಆ ಹೊತ್ತಿನಲ್ಲಿ ಒಂಟಿಯಾದ ಎಳೆ ತನ್ನ ಮೇಲೆ ತಾನೇ ಬಾಗಬಹುದು.

ಒಂದು ಉದ್ದನೆಯ ಚೀಟಿಯ ಮೇಲೆ ಸಿ, ಎ, ಜಿ ಅಕ್ಷರಗಳನ್ನು ಸಾಲಾಗಿ ನಾಲ್ಕು ಸಲ ಬರೆದು, ಸರಿಯಾಗಿ ನಡುವೆ ಮಡಚಿ. ಡಿಎನ್‌ಎಯಲ್ಲಿ ಸಿಗೆ ಜಿ, ಎಗೆ ಟಿ ಜೋಡಿ. ಇಲ್ಲಿ ಸಿ ಎದುರಿಗೆ ಜಿ ಬರುತ್ತದೆ, ಜಿ ಎದುರಿಗೆ ಸಿ. ಎ ಮಾತ್ರ ಇನ್ನೊಂದು ಎ ಎದುರು ಜೋಡಿಯಾಗದೆ ನಿಲ್ಲುತ್ತದೆ. ಮೂರರಲ್ಲಿ ಎರಡು ಸರಿಹೊಂದಿದರೂ ಸಾಕು, ಮಡಿಕೆ ನಿಲ್ಲುತ್ತದೆ. ಪುನರಾವರ್ತನೆ ಉದ್ದವಾದಷ್ಟೂ ಅದು ಗಟ್ಟಿ.

ಅಕ್ಷರ ಬದಲಾದರೆ ಆಕಾರವೂ ಬದಲಾಗುತ್ತದೆ. ನಡಿಗೆಯ ಸಮತೋಲ ತಪ್ಪಿಸುವ ಆನುವಂಶಿಕ ಕಾಯಿಲೆಯಾದ ಫ್ರೀಡ್ರೈಕ್ ಅಟಾಕ್ಸಿಯಾದಲ್ಲಿ ಹಿಗ್ಗುವ ಜಿಎಎ ಸಾಲು ಮೂರೆಳೆಯ ಕಟ್ಟು ಕಟ್ಟಬಲ್ಲದು. ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ಎಎಲ್‌ಎಸ್ ಕಾಯಿಲೆಯ ಕೆಲವರಲ್ಲಿ ಕಾಣುವ ಜಿಜಿಜಿಜಿಸಿಸಿ ಸಾಲಿನಲ್ಲಿ ನಾಲ್ಕು ಜಿಗಳು ಚೌಕದ ನಾಲ್ಕು ಮೂಲೆಗಳಲ್ಲಿ ಕೂರುತ್ತವೆ. ಅಂಥ ಚೌಕಗಳು ಒಂದರ ಮೇಲೊಂದು ಪೇರಿಕೊಳ್ಳುತ್ತವೆ, ನಡುವೆ ಪೊಟ್ಯಾಸಿಯಂ ಅಯಾನು. ಇದಕ್ಕೆ ಜಿ-ಕ್ವಾಡ್ರುಪ್ಲೆಕ್ಸ್ ಎಂದು ಹೆಸರು. ಹಾಗೆಂದು ಮಡಿಕೆಯೇ ರೋಗವಲ್ಲ. ಆರೋಗ್ಯವಂತರ ಕ್ರೋಮೋಸೋಮಿನ ತುದಿಯ ಡಿಎನ್‌ಎಗೂ ಇದೇ ಚೌಕ ಕಟ್ಟುವ ಗುಣವಿದೆ. ಇಂಥ ಪುನರಾವರ್ತನೆಗಳನ್ನೆಲ್ಲ ಒಂದು ಕಾಲಕ್ಕೆ 'ಕಸ' ಎಂದು ಕರೆದಿದ್ದರು. ಆ ಮಾತು ನನಗೆ ಎಂದೂ ಹಿಡಿಸಿಲ್ಲ.

ತೊಂದರೆ ಶುರುವಾಗುವುದು ರಿಪೇರಿಯಲ್ಲಿ. ಮಡಿಕೆಯ ಉಬ್ಬನ್ನು ಎಂಎಸ್‌ಎಚ್3 ಮೊದಲಾದ ರಿಪೇರಿ ಪ್ರೋಟೀನುಗಳು ದೋಷವೆಂದು ಗುರುತಿಸುತ್ತವೆ. ಉಬ್ಬನ್ನು ತೆಗೆದುಹಾಕುವ ಬದಲು ಎದುರಿನ ಎಳೆಯನ್ನು ಕತ್ತರಿಸಿ, ಉಬ್ಬಿಗೆ ತಕ್ಕಂತೆ ತುಂಬಿಸಿಬಿಟ್ಟರೆ ಸಾಲಿಗೆ ಹೊಸ ಸಿಎಜಿ ಸೇರಿತು. ಉದ್ದವಾದ ಸಾಲು ಇನ್ನೂ ಸುಲಭವಾಗಿ ಮಡಚುತ್ತದೆ, ಮತ್ತೆ ರಿಪೇರಿ, ಮತ್ತೆ ಉದ್ದ. ಎಂಎಸ್‌ಎಚ್3 ಜೀನ್‌ನಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಹಂಟಿಂಗ್ಟನ್ ಲಕ್ಷಣ ಕಾಣುವ ವಯಸ್ಸು ಹಿಂದುಮುಂದಾಗುವುದು ಈ ಕಾರಣಕ್ಕೇ.

ಹೀಗಾಗಿ ವರದಿಯ 43 ರಕ್ತದ ಲೆಕ್ಕ. ವರ್ಷಗಳು ಕಳೆದಂತೆ ಮೆದುಳಿನ ಕೆಲವು ನರಕೋಶಗಳಲ್ಲಿ ಅದು ನೂರಾರಕ್ಕೆ ಏರಬಹುದು. ಪ್ರತಿ ಸಿಎಜಿಯೂ ಈ ಜೀನ್ ತಯಾರಿಸುವ ಹಂಟಿಂಗ್ಟಿನ್ ಪ್ರೋಟೀನಿಗೆ ಗ್ಲುಟಮಿನ್ ಎಂಬ ಒಂದು ಅಮೈನೋ ಆಮ್ಲ ಸೇರಿಸುವುದರಿಂದ ಪ್ರೋಟೀನಿನ ಗ್ಲುಟಮಿನ್ ಸಾಲೂ ಉದ್ದವಾಗಿ ಕೋಶಕ್ಕೆ ವಿಷವಾಗುತ್ತದೆ.

ಈಗ ನಿಮ್ಮ ವಿಷಯ. ತಂದೆಯ ಈ ಜೀನ್‌ನ ಎರಡು ಪ್ರತಿಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಉದ್ದವಿರುತ್ತದೆ, ಆದ್ದರಿಂದ ನಿಮಗೆ ಬಂದಿರುವ ಸಂಭವ ಅರ್ಧಕ್ಕರ್ಧ. ಬಂದಿದ್ದರೂ ಅದು 43 ಆಗಿಯೇ ಇರಬೇಕೆಂದಿಲ್ಲ. ತಂದೆಯಿಂದ ಬರುವಾಗ ಬೆಳೆಯುವ ಸಂಭವ ತಾಯಿಯಿಂದ ಬರುವಾಗಿನದಕ್ಕಿಂತ ಹೆಚ್ಚು. 26ರವರೆಗೆ ಸಾಮಾನ್ಯ, 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಹೆಚ್ಚುಕಡಿಮೆ ಖಚಿತ, 36ರಿಂದ 39 ಇದ್ದರೆ ಬರಬಹುದು, ಬಾರದೆಯೂ ಇರಬಹುದು. ಪರೀಕ್ಷೆ ಮಾಡಿಸುವುದು, ಬಿಡುವುದು ನಿಮ್ಮ ಇಷ್ಟ, ಮನೆಯವರ ಒತ್ತಾಯಕ್ಕಂತೂ ಬೇಡ. ಮಾಡಿಸುವುದಾದರೆ ಮೊದಲು ಆನುವಂಶಿಕ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ. ಸಂಖ್ಯೆ ನೋಡಿ ಇಂಥ ವರ್ಷಕ್ಕೇ ಶುರುವಾಗುತ್ತದೆ ಎಂದು ಲೆಕ್ಕ ಹಾಕಬೇಡಿ, ಒಂದೇ ಸಂಖ್ಯೆ ಇರುವ ಇಬ್ಬರ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರವೂ ಇರುತ್ತದೆ.