ಪರದೇಶದ ಸಂಬಳ ಮತ್ತು ನಮ್ಮ ಹೊಣೆ

ಪರದೇಶದಲ್ಲಿ ಇನ್ನೂ ಕಾಲೂರುತ್ತಿರುವಾಗಲೇ ಕೈಗೆ ಬರುವ ಸಂಬಳ ಕಂಡು ಸಂಕೋಚವಾಗುತ್ತಿದೆ, ಜಗತ್ತಿನ ಬಡತನದ ವಿಚಾರದಲ್ಲಿ ನನಗಿರುವ ಹೊಣೆ ಮನೆಗೆ ಹಣ ಕಳಿಸಿದರೆ ತೀರುತ್ತದೆಯೇ ಎಂದು ಕೇಳಿದ್ದೀರಿ. ತೀರುವುದಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಬರಿಯ ಸಂಕೋಚದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಗಡಿ ದಾಟಿದ ಮಾತ್ರಕ್ಕೆ ನಮ್ಮ ಬುದ್ಧಿಯಾಗಲಿ ಶ್ರಮವಾಗಲಿ ಹಲವು ಪಟ್ಟು ಹೆಚ್ಚಲಿಲ್ಲ, ಹೆಚ್ಚಿದ್ದು ಸಂಬಳ ಮಾತ್ರ. ಜಗತ್ತಿನ ಜನರ ಆದಾಯದಲ್ಲಿ ಕಾಣುವ ಅಂತರದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಅವರು ಯಾವ ದೇಶದವರು ಎಂಬುದೇ ಕಾರಣವೆಂದು ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲಾನೊವಿಚ್ ಲೆಕ್ಕ ಹಾಕಿ ತೋರಿಸಿದ್ದಾರೆ. ‘ಅಲ್ಲಿ ಎಲ್ಲವೂ ಅಗ್ಗ, ಅವರಿಗೆ ಅಷ್ಟು ಸಾಕು’ ಎಂಬ ಮಾತನ್ನು ನೀವು ಇಲ್ಲಿ ಪದೇ ಪದೇ ಕೇಳುವಿರಿ. ವಿಶ್ವಬ್ಯಾಂಕ್ 2025ರಲ್ಲಿ ಪರಿಷ್ಕರಿಸಿದ ಕಡುಬಡತನದ ರೇಖೆ ದಿನಕ್ಕೆ 3 ಡಾಲರ್, ಅದೂ ದೇಶದೇಶಗಳ ಬೆಲೆಯ ವ್ಯತ್ಯಾಸವನ್ನು ಸರಿದೂಗಿಸಿದ ಮೇಲಿನ ಲೆಕ್ಕ. 2021ರ ಬೆಲೆಯಲ್ಲಿ ಅಮೆರಿಕದಲ್ಲಿ 3 ಡಾಲರಿಗೆ ಏನು ಸಿಗುತ್ತಿತ್ತೋ ಅಷ್ಟರಲ್ಲೇ ಊಟ, ಬಟ್ಟೆ, ಸೂರು, ಔಷಧ ಎಲ್ಲವೂ ನಡೆಯಬೇಕು. ಅಷ್ಟೂ ಇಲ್ಲದವರು ಸುಮಾರು 80 ಕೋಟಿ ಜನ.

ಮನೆಗೆ ಹಣ ಕಳಿಸುವುದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ವಲಸಿಗರು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಕಳಿಸುವ ಒಟ್ಟು ಹಣ ಶ್ರೀಮಂತ ಸರ್ಕಾರಗಳ ನೆರವನ್ನು ಬಹುದೂರ ಮೀರಿಸುತ್ತದೆ, ಅದೂ 200 ಡಾಲರ್ ಕಳಿಸಿದರೆ ಸರಾಸರಿ 12-13 ಡಾಲರ್ ಶುಲ್ಕಕ್ಕೇ ಹೋಗುವಾಗ. ಆದರೆ ಆ ಹಣ ಮುಟ್ಟುವುದು ವೀಸಾ, ವಿಮಾನದ ಟಿಕೆಟ್ಟು, ದಲ್ಲಾಳಿಯ ಕಮಿಷನ್ನು ಇವನ್ನೆಲ್ಲ ಸಾಲಸೋಲ ಮಾಡಿಯಾದರೂ ಹೊಂದಿಸಬಲ್ಲ ಮನೆಗಳಿಗೆ. ಆ ಸಾಲವೂ ಹುಟ್ಟದ ಮನೆಯಿಂದ ಯಾರೂ ಪರದೇಶಕ್ಕೆ ಹೊರಡುವುದಿಲ್ಲ, ಹೀಗಾಗಿ ಅಲ್ಲಿಗೆ ಕಳಿಸುವವರೂ ಇರುವುದಿಲ್ಲ. ನಮ್ಮ ಹೊಣೆಯ ಉಳಿದ ಭಾಗ ಶುರುವಾಗುವುದು ಆ ಮನೆಯಿಂದ.

ಇದನ್ನು ದಾನವೆನ್ನಲು ನನಗೆ ಮನಸ್ಸಿಲ್ಲ. ತತ್ತ್ವಜ್ಞಾನಿ ಥಾಮಸ್ ಪೋಗೆ ವಾದಿಸುವಂತೆ, ವ್ಯಾಪಾರ, ಸಾಲ, ಪೇಟೆಂಟುಗಳ ನಿಯಮ ಬರೆಯುವಲ್ಲಿ ಶ್ರೀಮಂತ ದೇಶಗಳದ್ದೇ ಮೇಲುಗೈಯಾಗಿರುವಾಗ ಆ ನಿಯಮಗಳಿಂದಾಗುವ ಹಾನಿಯಲ್ಲಿ ಅಲ್ಲಿನ ಪ್ರಜೆಗಳಿಗೂ ಪಾಲಿದೆ. ತೆರಿಗೆ ಕಟ್ಟುತ್ತಾ ಇಲ್ಲೇ ಬದುಕು ಕಟ್ಟಿಕೊಂಡ ನನ್ನಂಥವರಿಗೂ ಇದೆ. ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ನೆರವಿಗೆ ಕೊಡಬೇಕೆಂದು ವಿಶ್ವಸಂಸ್ಥೆ 1970ರಲ್ಲೇ ಗೊತ್ತುಪಡಿಸಿದರೂ ಆ ಗುರಿ ಮುಟ್ಟಿರುವುದು ಬೆರಳೆಣಿಕೆಯ ದೇಶಗಳು. ಮತದ ಹಕ್ಕು ಸಿಕ್ಕಾಗ ಇದನ್ನು ಅಭ್ಯರ್ಥಿಗಳಿಗೆ ಕೇಳಿ. ಅಲ್ಲಿಯವರೆಗೆ, ಮನೆಗೆ ಕಳಿಸುವ ಹಣದಿಂದ ಬೇರೆಯಾಗಿ, ಪರಿಚಯವೇ ಇಲ್ಲದ ಕಡುಬಡವರಿಗೆ ನೇರವಾಗಿ ನಗದು ತಲುಪಿಸುವ ಸಂಸ್ಥೆಯೊಂದಕ್ಕೆಂದು ಸಂಬಳ ಬಂದ ದಿನವೇ ಒಂದು ಪಾಲು ತೆಗೆದಿಡಿ. ಮೊತ್ತ ಚಿಕ್ಕದಾದರೂ ಪರವಾಗಿಲ್ಲ, ಮೊದಲ ವರ್ಷ ಬಾಡಿಗೆ, ಮುಂಗಡಗಳ ಒತ್ತಡ ಎಷ್ಟಿರುತ್ತದೆಂದು ಬಲ್ಲೆ. ಸಂಬಳ ಏರಿದಾಗ ಅದೂ ಏರಬೇಕು, ಅಷ್ಟೆ.